ನುಡಿಯಲ್ಲಿ ನೆಲೆ ಕಂಡ ಕವಿ

ಹುಟ್ಟಿ ಬೆಳೆದ ಊರಿನ ಮೇಲೆ ಮನುಷ್ಯನಿಗಿರುವ ಮಮತೆ ಸಹಜವಾದುದು. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಟ್ಟವನು ಹಬ್ಬ ಹುಣ್ಣಿಮೆಗಳಿಗೆ ಹಿಂದಿರುಗುತ್ತಾನೆ. ಊರು ಅಲ್ಲಿಯೇ ಇರುತ್ತದೆ, ಮನೆಯ ಬಾಗಿಲು ತನಗಾಗಿ ತೆರೆದಿರುತ್ತದೆ ಎಂಬ ನಂಬಿಕೆಯೇ ದೂರದಲ್ಲಿರುವವನಿಗೆ ಧೈರ್ಯ ಕೊಡುತ್ತದೆ. ಆದರೆ ಹಿಂದಿರುಗಿ ಬಂದಾಗ ಊರೇ ಇಲ್ಲವಾಗಿದ್ದರೆ ಅವನ ಗತಿಯೇನು? ಕಣ್ಣೆದುರಿಗೆ ನಿಂತಿರುವವನನ್ನೇ ‘ನೀನು ಇಲ್ಲಿಲ್ಲ’ ಎಂದು ಕಾನೂನು ಸಾರಿದರೆ ಅವನು ಯಾರಿಗೆ ಮೊರೆಯಿಡಬೇಕು? ಪ್ಯಾಲೆಸ್ತೀನಿನ ಪುಟ್ಟ ಬಾಲಕನೊಬ್ಬನಿಗೆ ಇಂತಹ ದುಸ್ಥಿತಿ ಒದಗಿತು. ಮುಂದೆ ಅವನು ಬೆಳೆದು, ಇಪ್ಪತ್ತನೆಯ ಶತಮಾನದ ಅರಬ್ಬೀ ಸಾಹಿತ್ಯದ ಹಿರಿಯ ಕವಿಗಳಲ್ಲಿ ಒಬ್ಬನೆನಿಸಿದನು. ಆತನೇ ಮಹಮೂದ್ ದರ್ವೀಶ್.

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿರುವ ಪ್ಯಾಲೆಸ್ತೀನ್ ಯೆಹೂದಿಗಳು, ಕ್ರೈಸ್ತರು, ಮುಸಲ್ಮಾನರು ಮೂವರಿಗೂ ಪುಣ್ಯಭೂಮಿ. ಅದರ ಉತ್ತರ ಭಾಗದ ಬೆಟ್ಟಸೀಮೆಗೆ ಗಲಿಲಾಯವೆಂದು ಹೆಸರು. ಕಡಲ ದಂಡೆಯ ಪ್ರಾಚೀನ ಪಟ್ಟಣವಾದ ಅಕ್ಕಾದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಅಲ್-ಬಿರ್ವಾ ಎಂಬ ಹಳ್ಳಿಯಿತ್ತು. ಹನ್ನೊಂದನೆಯ ಶತಮಾನದ ಪರ್ಷಿಯಾದ ಯಾತ್ರಿಕ ನಾಸಿರ್ ಖುಸ್ರೊ ಈ ಊರನ್ನು ಕಂಡು ತನ್ನ ಪ್ರವಾಸಕಥನದಲ್ಲಿ ಅದರ ಹೆಸರನ್ನು ದಾಖಲಿಸಿದ್ದಾನೆ. ಅಷ್ಟು ಹಳೆಯ ಊರು ಅದು. 1945ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನರಿದ್ದರು. ಹೆಚ್ಚಿನವರು ಮುಸಲ್ಮಾನರು, ಕೆಲವು ಕ್ರೈಸ್ತ ಕುಟುಂಬಗಳೂ ಇದ್ದವು. ಗೋಧಿಯ ಹೊಲಗಳೂ ಆಲಿವ್ ತೋಪುಗಳೂ ಅವರ ಜೀವನಾಧಾರವಾಗಿದ್ದವು. ಈ ಊರಿನ ರೈತ ಸಲೀಮ್ ದರ್ವೀಶರ ಮನೆಯಲ್ಲಿ 1941ರ ಮಾರ್ಚ್ 13ರಂದು ಮಹಮೂದ್ ಜನಿಸಿದನು. ತಾಯಿಗೆ ಓದುಬರಹ ಬಾರದು. ಮೊಮ್ಮಗನಿಗೆ ಅಕ್ಷರ ಕಲಿಸಿದವರು ಅಜ್ಜ.

ಆ ಕಾಲದಲ್ಲಿ ಪ್ಯಾಲೆಸ್ತೀನ್ ಬ್ರಿಟಿಷರ ಆಡಳಿತದಲ್ಲಿತ್ತು. ಯೂರೋಪಿನಲ್ಲಿ ಶತಮಾನಗಳಿಂದ ಕಿರುಕುಳಕ್ಕೆ ಗುರಿಯಾಗಿದ್ದ ಯೆಹೂದಿಗಳು ತಮಗೆ ತಮ್ಮದೇ ಆದ ನಾಡೊಂದು ಬೇಕೆಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಅಲ್ಲಿಗೆ ಬಂದು ನೆಲೆಸತೊಡಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಟ್ಸಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು. ಈ ಘೋರ ಹತ್ಯೆಯ ಬಳಿಕ ಅವರ ಬೇಡಿಕೆ ಮತ್ತಷ್ಟು ಬಲವಾಯಿತು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ತೀನನ್ನು ಒಂದು ಯೆಹೂದಿ ರಾಜ್ಯವಾಗಿಯೂ ಒಂದು ಅರಬ್ ರಾಜ್ಯವಾಗಿಯೂ ವಿಭಜಿಸಲು ನಿರ್ಣಯ ಕೈಗೊಂಡಿತು. ತಲೆತಲಾಂತರದಿಂದ ಅಲ್ಲಿ ಬಾಳಿದ್ದ ಅರಬರು ಇದನ್ನು ಒಪ್ಪಲಿಲ್ಲ. 1948ರ ಮೇ 14ರಂದು ಇಸ್ರೇಲ್ ರಾಷ್ಟ್ರದ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ ಆರಂಭವಾಗಿದ್ದ ಘರ್ಷಣೆ ಯುದ್ಧವಾಗಿ ಬೆಳೆಯಿತು. ಆ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ನಾನೂರಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. ಒಂದು ಜನಾಂಗದ ಕಣ್ಣೀರು ಒರೆಸಲೆಂದು ಹುಟ್ಟಿದ ರಾಷ್ಟ್ರದ ನೆಲದಲ್ಲಿಯೇ ಇನ್ನೊಂದು ಜನಾಂಗದ ಕಣ್ಣೀರು ಹರಿಯಿತು. ಪ್ಯಾಲೆಸ್ತೀನಿಯರು ಈ ಘಟನೆಯನ್ನು ‘ನಕ್ಬಾ’, ಅಂದರೆ ಮಹಾವಿಪತ್ತು, ಎಂದು ಕರೆಯುತ್ತಾರೆ.

1948ರ ಜೂನ್ ತಿಂಗಳಲ್ಲಿ ಯುದ್ಧ ಅಲ್-ಬಿರ್ವಾದ ಬಾಗಿಲಿಗೆ ಬಂದಿತು. ಇಸ್ರೇಲಿನ ಪಡೆಗಳು ಊರನ್ನು ವಶಪಡಿಸಿಕೊಂಡವು. ಏಳು ವರ್ಷದ ಮಹಮೂದ್ ಮನೆಯವರೊಡನೆ ರಾತ್ರೋರಾತ್ರಿ ಹೊರಟು, ಗಡಿ ದಾಟಿ, ನೆರೆಯ ಲೆಬನಾನ್ ಸೇರಿದನು. ಕೆಲವು ದಿನಗಳಲ್ಲಿ ಹಿಂದಿರುಗಬಹುದೆಂದು ಎಲ್ಲರೂ ನಂಬಿದ್ದರು. ಹೊಲದಲ್ಲಿ ಬೆಳೆ ಇತ್ತು, ಮನೆಯಲ್ಲಿ ಪಾತ್ರೆ ಪದಾರ್ಥಗಳಿದ್ದವು, ದನಕರುಗಳಿದ್ದವು. ಸ್ವಂತ ಹೊಲದ ಧಾನ್ಯ ಉಂಡವರು ಈಗ ಪರಿಹಾರ ಸಂಸ್ಥೆಗಳು ಹಂಚುವ ಆಹಾರಕ್ಕಾಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ‘ನಿರಾಶ್ರಿತ’ ಎಂಬ ಪದವನ್ನು ಬಾಲಕ ಮೊತ್ತಮೊದಲು ಕೇಳಿದ್ದು ಆಗ.

ಸುಮಾರು ಒಂದು ವರ್ಷದ ಬಳಿಕ ಕುಟುಂಬ ಗುಟ್ಟಾಗಿ ಗಡಿ ದಾಟಿ ಹಿಂದಕ್ಕೆ ಬಂದಿತು. ಆದರೆ ಅಲ್-ಬಿರ್ವಾ ಅಲ್ಲಿರಲಿಲ್ಲ. ಮನೆಗಳನ್ನು ನೆಲಸಮ ಮಾಡಲಾಗಿತ್ತು. ಊರಿನ ಭೂಮಿಯಲ್ಲಿ 1949ರಲ್ಲಿ ಯಸೂರ್ ಎಂಬ ಯೆಹೂದಿ ವಸತಿಯೂ 1950ರಲ್ಲಿ ಅಹಿಹೂದ್ ಎಂಬ ಮತ್ತೊಂದು ವಸತಿಯೂ ತಲೆಯೆತ್ತಿದವು. ದರ್ವೀಶ್ ಕುಟುಂಬ ಸಮೀಪದ ದೇರ್ ಅಲ್-ಅಸದ್ ಎಂಬ ಹಳ್ಳಿಯಲ್ಲಿ ಆಶ್ರಯ ಪಡೆಯಿತು. ತಮ್ಮದೇ ಜಮೀನು ಕೆಲವೇ ಕಿಲೋಮೀಟರ್ ದೂರದಲ್ಲಿದ್ದರೂ ತಂದೆ ಕಲ್ಲಿನ ಕ್ವಾರಿಯಲ್ಲಿ ಕೂಲಿಗಾರರಾಗಿ ದುಡಿಯತೊಡಗಿದರು.

ಇಲ್ಲಿ ಇನ್ನೊಂದು ತೊಡಕು ಕಾದಿತ್ತು. ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಹೋದವರನ್ನೆಲ್ಲ ಇಸ್ರೇಲಿನ ಕಾನೂನು ‘ಗೈರುಹಾಜರಾದವರು’ ಎಂದು ಪರಿಗಣಿಸಿ, ಅವರ ಆಸ್ತಿಪಾಸ್ತಿಯನ್ನು ಸರ್ಕಾರದ ಅಧೀನಕ್ಕೆ ತಂದಿತು. 1950ರಲ್ಲಿ ಇದಕ್ಕಾಗಿಯೇ ಒಂದು ಶಾಸನ ಜಾರಿಗೆ ಬಂದಿತು. ದೇಶದೊಳಗೇ ಇದ್ದು ತಮ್ಮ ಊರಿನಿಂದ ಮಾತ್ರ ಚದುರಿಹೋದವರೂ ಈ ಪಟ್ಟಿಯಲ್ಲಿ ಸೇರಿದರು. ಅವರಿಗೆ ‘ಹಾಜರಿದ್ದೂ ಗೈರುಹಾಜರಾದವರು’ ಎಂಬ ವಿಚಿತ್ರವಾದ ಹೆಸರು ಬಂದಿತು. ತರಗತಿಯಲ್ಲಿ ಕುಳಿತು ‘ಹಾಜರ್’ ಎಂದು ಕೂಗುವ ವಿದ್ಯಾರ್ಥಿಯ ಹೆಸರಿನ ಮುಂದೆ ಉಪಾಧ್ಯಾಯರು ಪ್ರತಿದಿನವೂ ‘ಗೈರುಹಾಜರು’ ಎಂದು ಗುರುತು ಹಾಕಿದರೆ ಹೇಗಿರಬಹುದೋ, ಇಡೀ ಸಮುದಾಯವೊಂದರ ಸ್ಥಿತಿ ಹಾಗಾಯಿತು.

ಜನಗಣತಿಯ ಸಮಯದಲ್ಲಿ ಕುಟುಂಬ ಲೆಬನಾನಿನಲ್ಲಿದ್ದುದರಿಂದ ಬಾಲಕ ಮಹಮೂದನ ಹೆಸರು ಯಾವ ದಾಖಲೆಯಲ್ಲೂ ಇರಲಿಲ್ಲ. ಅಧಿಕಾರಿಗಳ ದೃಷ್ಟಿಯಲ್ಲಿ ಅವನು ಕಳ್ಳತನದಿಂದ ಒಳನುಗ್ಗಿದವನು. ಶಾಲೆಗೆ ತನಿಖಾಧಿಕಾರಿಗಳು ಬಂದಾಗ ಮುಖ್ಯೋಪಾಧ್ಯಾಯರು ಅವನನ್ನು ಬಚ್ಚಿಡುತ್ತಿದ್ದರು. ಯಾರಾದರೂ ವಿಚಾರಿಸಿದರೆ ಲೆಬನಾನಿನ ಹೆಸರು ಎತ್ತಬಾರದು, ಉತ್ತರದ ಅಲೆಮಾರಿ ಬುಡಕಟ್ಟಿನವರೊಡನೆ ಇದ್ದೆನೆಂದು ಹೇಳಬೇಕು ಎಂದು ಅವನಿಗೆ ಕಲಿಸಲಾಗಿತ್ತು. ಅಂತಹ ದಿನಗಳಲ್ಲಿ ಪೊಲೀಸರಿಗೆ ತಲೆಮರೆಸಿಕೊಂಡಿದ್ದ ಒಬ್ಬ ಹಾಡುಗಾರ ಕತ್ತಲಾದ ಮೇಲೆ ಊರಿಗೆ ಬರುತ್ತಿದ್ದನು. ರಬಾಬ್ ಎಂಬ ತಂತಿವಾದ್ಯವನ್ನು ನುಡಿಸುತ್ತ, ತಾನು ಮನೆ ಕಳೆದುಕೊಂಡ ಕಥೆಯನ್ನು ಹಾಡಾಗಿ ಹಾಡಿ, ಬೆಳಗಾಗುವ ಮುನ್ನ ಕಣ್ಮರೆಯಾಗುತ್ತಿದ್ದನು. ಮನುಷ್ಯನ ದುಃಖಕ್ಕೆ ನುಡಿಯ ರೂಪ ಕೊಡಬಹುದೆಂಬ ಅರಿವು ತಮಗೆ ಈ ಹಾಡುಗಳಿಂದ ಮೂಡಿತೆಂದು ದರ್ವೀಶರು ಮುಂದೆ ನೆನೆದಿದ್ದಾರೆ.

ಬಾಲಕನೂ ಪದ್ಯ ಕಟ್ಟತೊಡಗಿದನು. ಒಮ್ಮೆ ಇಸ್ರೇಲ್ ಸ್ಥಾಪನೆಯ ವಾರ್ಷಿಕೋತ್ಸವ ಶಾಲೆಯಲ್ಲಿ ನಡೆಯಿತು. ಕವಿತೆ ಓದಲು ಮಹಮೂದನನ್ನು ವೇದಿಕೆಗೆ ಕರೆದರು. ಅವನು ಓದಿದ್ದು ಒಬ್ಬ ಯೆಹೂದಿ ಬಾಲಕನನ್ನು ಉದ್ದೇಶಿಸಿ ಬರೆದ ಪದ್ಯ. ಆ ಬಾಲಕನಿಗೆ ಮನೆಯುಂಟು, ಆಟಿಕೆಗಳುಂಟು, ಹಬ್ಬವುಂಟು. ತನಗೆ ಇವೊಂದೂ ಇಲ್ಲವೇಕೆ, ಇಬ್ಬರೂ ಕೂಡಿ ಆಡಬಾರದೇಕೆ ಎಂಬುದು ಆ ಪದ್ಯದ ಭಾವವಾಗಿತ್ತು. ಮರುದಿನ ಸೇನಾಡಳಿತದ ಅಧಿಕಾರಿಯಿಂದ ಅವನಿಗೆ ಕರೆ ಬಂದಿತು. ಇಂತಹ ಪದ್ಯಗಳನ್ನು ಬರೆದರೆ ಕ್ವಾರಿಯಲ್ಲಿ ತಂದೆಗಿರುವ ಕೆಲಸ ತಪ್ಪಿಹೋದೀತೆಂದು ಅಧಿಕಾರಿ ಬೆದರಿಸಿದನು. ಹುಡುಗ ಅಳುತ್ತ ಮನೆಗೆ ಬಂದನು. ಆದರೆ ಅಂದು ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಹುಟ್ಟಿಕೊಂಡಿತು. ಒಬ್ಬ ಮಗುವಿನ ಪದ್ಯಕ್ಕೆ ಸೇನೆಯ ಅಧಿಕಾರಿ ಬೆದರುವುದಾದರೆ ಕವಿತೆಗೆ ಎಷ್ಟು ಶಕ್ತಿಯಿರಬೇಕು!

ಅಧಿಕಾರಿಗಳ ಕಾಠಿಣ್ಯವನ್ನು ಕಂಡ ಶಾಲೆಯ ದಿನಗಳಲ್ಲಿಯೇ ಅವನಿಗೆ ವಾತ್ಸಲ್ಯದ ಅನುಭವವೂ ಆಯಿತು. ಹೀಬ್ರೂ ಭಾಷೆಯನ್ನು ಕಲಿಸುತ್ತಿದ್ದ ಯೆಹೂದಿ ಉಪಾಧ್ಯಾಯಿನಿಯೊಬ್ಬರು ಈ ಹುಡುಗನನ್ನು ತಾಯಿಯಂತೆ ಕಂಡರು. ಬಿಯಾಲಿಕ್ ಮೊದಲಾದ ಹೀಬ್ರೂ ಕವಿಗಳನ್ನು ಪ್ರೀತಿಯಿಂದ ಓದಲು ಕಲಿಸಿದರು. ಸ್ಪೇನಿನ ಲೋರ್ಕಾ, ಚಿಲಿಯ ನೆರೂಡಾ ಅವರಂತಹ ಹೊರನಾಡಿನ ಕವಿಗಳನ್ನು ಅವನು ಮೊದಲು ಓದಿದುದೂ ಹೀಬ್ರೂ ಅನುವಾದಗಳಲ್ಲಿ. ತನ್ನ ಊರನ್ನು ಕಸಿದುಕೊಂಡವರ ಭಾಷೆಯಲ್ಲಿಯೇ ಲೋಕದ ಸಾಹಿತ್ಯ ಅವನಿಗೆ ತೆರೆದುಕೊಂಡಿತು. ಒಂದು ಜನಾಂಗದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕ ಅವನಲ್ಲಿ ಚಿಕ್ಕಂದಿನಲ್ಲಿಯೇ ಬೇರೂರಿತು.

ಕಫ್ರ್ ಯಾಸಿಫ್ ಎಂಬ ಊರಿನಲ್ಲಿ ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿಸಿದ ದರ್ವೀಶರು ಕರ್ಮೆಲ್ ಬೆಟ್ಟದ ತಪ್ಪಲಿನ ಹೈಫಾ ನಗರಕ್ಕೆ ಬಂದರು. ಅಲ್ಲಿನ ಕಮ್ಯೂನಿಸ್ಟ್ ಪಕ್ಷದ ಅರಬ್ಬೀ ಪತ್ರಿಕೆಗಳಾದ ‘ಅಲ್-ಇತ್ತಿಹಾದ್’ ಮತ್ತು ‘ಅಲ್-ಜದೀದ್’ಗಳಲ್ಲಿ ದುಡಿದರು. 1960ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ‘ರೆಕ್ಕೆಯಿಲ್ಲದ ಹಕ್ಕಿಗಳು’ ಎಂಬ ಮೊದಲ ಕವನ ಸಂಕಲನ ಹೊರಬಂದಿತು. 1964ರಲ್ಲಿ ಪ್ರಕಟವಾದ ‘ಆಲಿವ್ ಎಲೆಗಳು’ ಅವರ ಹೆಸರನ್ನು ಅರಬ್ ಜಗತ್ತಿನ ಮೂಲೆಮೂಲೆಗೂ ಒಯ್ದಿತು. ಅದರಲ್ಲಿದ್ದ ‘ಗುರುತಿನ ಚೀಟಿ’ ಎಂಬ ಕವಿತೆಯಲ್ಲಿ, ಕ್ವಾರಿಯಲ್ಲಿ ಕಲ್ಲೊಡೆಯುವ ಬಡ ಅರಬನೊಬ್ಬ ಸರ್ಕಾರದ ಗುಮಾಸ್ತನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಅವನು ತನ್ನ ಕಸುಬನ್ನು, ಮಕ್ಕಳ ಸಂಖ್ಯೆಯನ್ನು, ವಂಶವನ್ನು ತಲೆತಗ್ಗಿಸದೆ ಹೇಳುತ್ತಾನೆ. ತಂದೆಯ ದುಡಿಮೆಯನ್ನು ಹತ್ತಿರದಿಂದ ಕಂಡಿದ್ದ ಕವಿ ಬಳಸಿದ್ದು ದಿನಬಳಕೆಯ ಸರಳವಾದ ಮಾತನ್ನು. ‘ಗೈರುಹಾಜರು’ ಎನಿಸಿಕೊಂಡಿದ್ದ ಜನ ಆ ಕವಿತೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದಂತಾಯಿತು. ಅದನ್ನು ಕಂಠಪಾಠ ಮಾಡದ ಪ್ಯಾಲೆಸ್ತೀನೀ ವಿದ್ಯಾರ್ಥಿ ಅಂದು ವಿರಳ.

ಇಸ್ರೇಲಿನೊಳಗಿದ್ದ ಅರಬರು 1966ರವರೆಗೂ ಸೇನಾಡಳಿತಕ್ಕೆ ಒಳಪಟ್ಟಿದ್ದರು. ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಪರವಾನಗಿ ಬೇಕಾಗಿತ್ತು. ಪರವಾನಗಿಯಿಲ್ಲದೆ ಊರೂರು ಸುತ್ತಿ ಕವಿತೆ ಓದಿದುದಕ್ಕಾಗಿ ದರ್ವೀಶರು 1961ರಿಂದ 1967ರವರೆಗಿನ ಅವಧಿಯಲ್ಲಿ ಹಲವು ಸಲ ಸೆರೆಮನೆ ಸೇರಿದರು. ಬಳಿಕ ಅವರನ್ನು ಗೃಹಬಂಧನದಲ್ಲಿ ಇರಿಸಲಾಯಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅವರು ಮನೆ ಬಿಟ್ಟು ಕದಲುವಂತಿರಲಿಲ್ಲ.

ಸೆರೆಮನೆಯ ದಿನಗಳು ಅವರ ಕಾವ್ಯಕ್ಕೆ ಒಂದು ಅಮೂಲ್ಯವಾದ ಕೊಡುಗೆಯನ್ನೂ ನೀಡಿದವು. ಎಂಟು ಮಕ್ಕಳ ಸಂಸಾರದಲ್ಲಿ ಎರಡನೆಯವರಾಗಿದ್ದ ಅವರಿಗೆ, ಕಟ್ಟುನಿಟ್ಟಿನ ಸ್ವಭಾವದ ತಾಯಿಗೆ ತನ್ನ ಮೇಲೆ ಅಷ್ಟಾಗಿ ಪ್ರೀತಿಯಿಲ್ಲವೆಂಬ ಕೊರಗು ಬಾಲ್ಯದಿಂದಲೂ ಇತ್ತು. ಮಗ ಸೆರೆಯಲ್ಲಿದ್ದಾಗ ಆ ತಾಯಿ ಹಣ್ಣು ಮತ್ತು ಕಾಫಿಯನ್ನು ಹೊತ್ತು ಅವನನ್ನು ನೋಡಲು ಬಂದರು. ಆ ಕ್ಷಣದಲ್ಲಿ ಮಗನ ಕೊರಗೆಲ್ಲ ಕರಗಿತು. ಅದರ ಫಲವಾಗಿ ‘ನನ್ನ ತಾಯಿಗೆ’ ಎಂಬ ಕವಿತೆ ಮೂಡಿತು. ಇದು 1966ರಲ್ಲಿ ಪ್ರಕಟವಾದ ‘ಪ್ಯಾಲೆಸ್ತೀನಿನ ಪ್ರೇಮಿ’ ಎಂಬ ಸಂಕಲನದಲ್ಲಿ ಸೇರಿದೆ. ಲೆಬನಾನಿನ ಗಾಯಕ ಮಾರ್ಸೆಲ್ ಖಲೀಫೆ ಅದಕ್ಕೆ ರಾಗ ಸಂಯೋಜಿಸಿ ಹಾಡಿದ ಮೇಲೆ ಅರಬ್ ನಾಡುಗಳ ಮನೆಮನೆಯ ಹಾಡಾಯಿತು. ಒಬ್ಬ ಮಗ ತನ್ನ ತಾಯಿಗಾಗಿ ಬರೆದುಕೊಂಡದ್ದನ್ನು ಮನೆಯಿಂದ ದೂರವಾದ ಲಕ್ಷಾಂತರ ಮಂದಿ ತಮ್ಮದೆಂದೇ ಭಾವಿಸಿದರು. ಅನೇಕರು ಅದರಲ್ಲಿ ತಾಯಿಯೊಡನೆ ತಾಯ್ನಾಡನ್ನೂ ಕಂಡರು.

1967ರ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಗಾಜಾ ಮತ್ತು ಪೂರ್ವ ಜೆರೂಸಲೇಮನ್ನು ವಶಪಡಿಸಿಕೊಂಡಿತು. ಆ ಯುದ್ಧದ ಬಳಿಕ ದರ್ವೀಶರು ‘ಬಿಳಿಯ ಲಿಲಿಹೂಗಳ ಕನಸು ಕಾಣುವ ಸೈನಿಕ’ ಎಂಬ ಕವಿತೆಯನ್ನು ಬರೆದರು. ಯುದ್ಧದಿಂದ ಬೇಸತ್ತು, ನೆಮ್ಮದಿಯ ಬಾಳನ್ನು ಬಯಸುವ ಇಸ್ರೇಲೀ ಸೈನಿಕನೊಬ್ಬ ಅದರ ನಾಯಕ. ಶತ್ರುಪಡೆಯವನನ್ನು ಹೀಗೆ ಮನುಷ್ಯನನ್ನಾಗಿ ಚಿತ್ರಿಸಿದುದಕ್ಕೆ ಅರಬ್ ಓದುಗರಲ್ಲಿ ಕೆಲವರು ಕವಿಯನ್ನು ಕಟುವಾಗಿ ಟೀಕಿಸಿದರು. ದರ್ವೀಶರು ಹಿಂಜರಿಯಲಿಲ್ಲ. ಎದುರಾಳಿಯ ಮುಖದಲ್ಲಿ ಮನುಷ್ಯನನ್ನು ಕಾಣಲಾರದವನು ಕವಿಯಾಗಲಾರನೆಂಬುದು ಅವರ ನಿಲುವಾಗಿತ್ತು.

1970ರಲ್ಲಿ ದರ್ವೀಶರು ವ್ಯಾಸಂಗಕ್ಕಾಗಿ ಮಾಸ್ಕೋಗೆ ತೆರಳಿದರು. ಮರುವರ್ಷ ಅಲ್ಲಿಂದ ಈಜಿಪ್ಟಿನ ರಾಜಧಾನಿ ಕೈರೋಗೆ ಹೋಗಿ, ಪ್ರಸಿದ್ಧವಾದ ‘ಅಲ್-ಅಹ್ರಾಮ್’ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ಸಂಕಷ್ಟದಲ್ಲಿರುವ ಜನರ ನಡುವೆ ಇರಬೇಕಾದ ಕವಿ ನಾಡು ಬಿಟ್ಟು ಹೋದನೆಂದು ಹಲವರು ನೊಂದುಕೊಂಡರು, ಕೆಲವರು ನಿಂದಿಸಿದರು. ಇತ್ತ ಇಸ್ರೇಲ್ ಸರ್ಕಾರ ಅವರು ಮರಳಿ ಬರದಂತೆ ನಿಷೇಧಿಸಿತು. ಕೈರೋದಿಂದ ಬೈರೂತ್, ಬೈರೂತಿನಿಂದ ಟ್ಯೂನಿಸ್, ಸೈಪ್ರಸ್, ಪ್ಯಾರಿಸ್ ಹೀಗೆ ಅವರ ಅಲೆದಾಟ ಸಾಗಿತು. ಮತ್ತೆ ಹುಟ್ಟುನಾಡಿನ ಮಣ್ಣನ್ನು ಮೆಟ್ಟಲು ಕಾಲು ಶತಮಾನವೇ ಕಳೆಯಬೇಕಾಯಿತು.

ಬೈರೂತಿನಲ್ಲಿ ಅವರು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ ಸಂಶೋಧನಾ ಕೇಂದ್ರದಲ್ಲಿ ದುಡಿದರು. 1981ರಲ್ಲಿ ‘ಅಲ್-ಕರ್ಮೆಲ್’ ಎಂಬ ಸಾಹಿತ್ಯ ಪತ್ರಿಕೆಯನ್ನು ಆರಂಭಿಸಿದರು. ಹೈಫಾದ ಬೆಟ್ಟದ ಹೆಸರನ್ನು ಪತ್ರಿಕೆಗೆ ಇಟ್ಟು, ದೂರವಾದ ಊರನ್ನು ಮೇಜಿನ ಮೇಲೆಯೇ ಇರಿಸಿಕೊಂಡರು. 1982ರ ಬೇಸಿಗೆಯಲ್ಲಿ ಇಸ್ರೇಲಿನ ಸೇನೆ ಲೆಬನಾನಿಗೆ ನುಗ್ಗಿ ಬೈರೂತನ್ನು ಮುತ್ತಿತು. ನಗರದ ಮೇಲೆ ವಾರಗಟ್ಟಲೆ ಬಾಂಬುಗಳ ಮಳೆ ಸುರಿಯಿತು. ಆ ಮುತ್ತಿಗೆಯ ಒಂದೇ ಒಂದು ದಿನವನ್ನು ದರ್ವೀಶರು ‘ಮರೆವಿಗಾಗಿ ನೆನಪು’ ಎಂಬ ಗದ್ಯಕೃತಿಯಲ್ಲಿ ವರ್ಣಿಸಿದ್ದಾರೆ. ಸಿಡಿಗುಂಡುಗಳ ನಡುವೆ ಅಡುಗೆಮನೆಯವರೆಗೆ ಹೋಗಿ ಒಂದು ಬಟ್ಟಲು ಕಾಫಿ ಕಾಯಿಸಿಕೊಳ್ಳಬೇಕೆಂಬ ಮನುಷ್ಯನೊಬ್ಬನ ಹಂಬಲ ಆ ಕೃತಿಯ ಮರೆಯಲಾಗದ ಭಾಗ. ಸಾವು ಹೊಸ್ತಿಲಲ್ಲಿ ನಿಂತಿರುವಾಗ ಕಾಫಿಯಂತಹ ಕಿರಿಯ ಸುಖವೂ ಬದುಕಿನ ಮೇಲಿನ ನಿಷ್ಠೆಯಾಗುತ್ತದೆ ಎಂಬುದನ್ನು ಅವರು ಅಲ್ಲಿ ತೋರಿಸಿದ್ದಾರೆ.

ಜನ ದರ್ವೀಶರನ್ನು ತಮ್ಮ ದನಿಯೆಂದು ಭಾವಿಸಿದರು. 1987ರಲ್ಲಿ ಅವರು ವಿಮೋಚನಾ ಸಂಘಟನೆಯ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. 1988ರ ನವೆಂಬರ್ 15ರಂದು ಆಲ್ಜಿಯರ್ಸ್ ನಗರದಲ್ಲಿ ಹೊರಡಿಸಲಾದ ಪ್ಯಾಲೆಸ್ತೀನಿನ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವರು ಅವರೇ. ಭಾರತವೂ ಅದೇ ತಿಂಗಳಲ್ಲಿ ಪ್ಯಾಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡಿತು. ಆದರೆ 1993ರಲ್ಲಿ ಇಸ್ರೇಲಿಗೂ ವಿಮೋಚನಾ ಸಂಘಟನೆಗೂ ಓಸ್ಲೋ ಒಪ್ಪಂದವಾದಾಗ, ಅದು ತಮ್ಮ ಜನರಿಗೆ ನ್ಯಾಯ ದೊರಕಿಸಲಾರದೆಂದು ಭಾವಿಸಿ ದರ್ವೀಶರು ಸಮಿತಿಯಿಂದ ಹೊರಬಂದರು.

ಕೀರ್ತಿಯೊಡನೆ ಒಂದು ಸಂಕಟವೂ ಬೆಳೆಯಿತು. ಸಭೆಗಳಲ್ಲಿ ಸಾವಿರಾರು ಮಂದಿ ‘ಗುರುತಿನ ಚೀಟಿ’ಯನ್ನೇ ಓದಬೇಕೆಂದು ಕೂಗುತ್ತಿದ್ದರು. ದರ್ವೀಶರು ಅದನ್ನು ಓದಲು ಒಪ್ಪುತ್ತಿರಲಿಲ್ಲ. ಅದು ಒಂದು ಕಾಲದಲ್ಲಿ, ಒಬ್ಬ ಅಧಿಕಾರಿಯ ಎದುರಿನಲ್ಲಿ ಹುಟ್ಟಿದ ಮಾತು. ಅದನ್ನೇ ಘೋಷಣೆಯಂತೆ ಮತ್ತೆ ಮತ್ತೆ ಕೂಗಿದರೆ ಕವಿಯ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರ ಆತಂಕ. ಪೀಡಿತ ಜನಾಂಗದ ಕವಿಗೂ ಒಲವು, ಸಾವು, ಹೂವು, ಏಕಾಂತ ಇವುಗಳನ್ನು ಕುರಿತು ಬರೆಯುವ ಹಕ್ಕಿದೆಯೆಂದು ಅವರು ನಂಬಿದ್ದರು. ಆದ್ದರಿಂದ ಸುಲಭವಾದ ಚಪ್ಪಾಳೆಯನ್ನು ಬಿಟ್ಟು ಕಷ್ಟದ ದಾರಿಯನ್ನು ಹಿಡಿದರು. 1992ರ ‘ಹನ್ನೊಂದು ಗ್ರಹಗಳು’ ಸಂಕಲನದಲ್ಲಿ, 1492ರಲ್ಲಿ ಸ್ಪೇನಿನ ಗ್ರನಾಡಾವನ್ನು ಕಳೆದುಕೊಂಡ ಅರಬರ ಶೋಕವಿದೆ. ಅದೇ ವರ್ಷದಲ್ಲಿ ಕೊಲಂಬಸ್ ಬಂದಿಳಿದ ಮೇಲೆ ತಮ್ಮ ನೆಲವನ್ನು ಕಳೆದುಕೊಂಡ ಅಮೆರಿಕದ ಮೂಲನಿವಾಸಿಗಳ ಅಳಲೂ ಇದೆ. ತಮ್ಮ ಜನರ ನೋವನ್ನು ಅವರು ಲೋಕದ ನೋವಿನೊಡನೆ ಹೀಗೆ ಬೆಸೆದರು. 1995ರ ‘ಕುದುರೆಯನ್ನೇಕೆ ಒಂಟಿಯಾಗಿ ಬಿಟ್ಟೆ?’ ಎಂಬ ಸಂಕಲನದಲ್ಲಿ ಬಾಲ್ಯದ ವಲಸೆಯ ನೆನಪು, ತಂದೆ ಮಕ್ಕಳ ಸಂಭಾಷಣೆ, ಅಲ್-ಬಿರ್ವಾದ ಬಾವಿ, ಮರ, ಗಾಳಿಗಳೆಲ್ಲ ಮತ್ತೆ ಜೀವ ತಳೆದಿವೆ. ನೆಲದ ಮೇಲೆ ಅಳಿಸಿಹೋದ ಊರನ್ನು ಅವರು ನುಡಿಯಲ್ಲಿ ಕಟ್ಟಿದರು.

ಓಸ್ಲೋ ಒಪ್ಪಂದವನ್ನು ವಿರೋಧಿಸಿದ್ದ ಕವಿಗೆ ಅದೇ ಒಪ್ಪಂದದಿಂದಾಗಿ ಪಶ್ಚಿಮ ದಂಡೆಯ ರಮಲ್ಲಾ ನಗರಕ್ಕೆ ಬರುವ ಅವಕಾಶ ದೊರೆಯಿತು. 1990ರ ದಶಕದ ನಡುವಿನಿಂದ ಅವರು ರಮಲ್ಲಾ ಮತ್ತು ಜೋರ್ಡಾನಿನ ಅಮ್ಮಾನ್ ನಗರಗಳಲ್ಲಿ ವಾಸಿಸಿದರು. ಆದರೆ ಗಲಿಲಾಯದ ಬಾಗಿಲು ಪೂರ್ಣವಾಗಿ ತೆರೆಯಲಿಲ್ಲ. 1996ರಲ್ಲಿ ಹಿರಿಯ ಲೇಖಕ ಎಮಿಲ್ ಹಬೀಬಿಯವರ ಅಂತ್ಯಕ್ರಿಯೆಗೆಂದು ಅವರಿಗೆ ಕೆಲವೇ ದಿನಗಳ ಅನುಮತಿ ದೊರೆಯಿತು. ಸಾವಿನ ಮನೆಗೆಂದು ಬಂದವರು ಆ ನೆಪದಲ್ಲಿ ತಮ್ಮ ನಾಡನ್ನು ಕಣ್ತುಂಬ ನೋಡಿಕೊಂಡರು.

2000ದ ಮಾರ್ಚ್ ತಿಂಗಳಲ್ಲಿ ದರ್ವೀಶರ ಕವಿತೆಗಳು ಇಸ್ರೇಲಿನ ರಾಜಕೀಯದಲ್ಲಿ ಬಿರುಗಾಳಿಯೆಬ್ಬಿಸಿದವು. ಅಲ್ಲಿನ ಶಿಕ್ಷಣ ಮಂತ್ರಿ ಯೋಸಿ ಸರೀದ್, ಪ್ರೌಢಶಾಲೆಗಳ ಪಠ್ಯದಲ್ಲಿ ದರ್ವೀಶರ ಕೆಲವು ಕವಿತೆಗಳನ್ನು ಸೇರಿಸಬೇಕೆಂದು ಸೂಚಿಸಿದರು. ನೆರೆಯವರ ಮನಸ್ಸನ್ನು ತಮ್ಮ ಮಕ್ಕಳು ಅರಿಯಬೇಕೆಂಬುದು ಅವರ ಆಶಯವಾಗಿತ್ತು. ಶಾಸನಸಭೆಯಲ್ಲಿ ಭಾರಿ ಕೋಲಾಹಲವಾಯಿತು. ಇದಕ್ಕೆ ದೇಶ ಇನ್ನೂ ಸಿದ್ಧವಾಗಿಲ್ಲವೆಂದು ಪ್ರಧಾನಿ ಎಹೂದ್ ಬರಾಕ್ ಹೇಳಿದರು. ಶಾಲಾ ಬಾಲಕನ ಪದ್ಯಕ್ಕೆ ಅಧಿಕಾರಿ ಬೆದರಿದ ದಿನದಿಂದ ಅರ್ಧ ಶತಮಾನ ಕಳೆದಿದ್ದರೂ ಕವಿತೆಯ ಶಕ್ತಿ ಕುಂದಿರಲಿಲ್ಲ.

2002ರಲ್ಲಿ ಇಸ್ರೇಲಿನ ಸೇನೆ ರಮಲ್ಲಾ ನಗರವನ್ನು ಮುತ್ತಿತು. ‘ಅಲ್-ಕರ್ಮೆಲ್’ ಪತ್ರಿಕೆಯ ಕಚೇರಿಯಿದ್ದ ಸಕಾಕಿನಿ ಸಾಂಸ್ಕೃತಿಕ ಕೇಂದ್ರದಲ್ಲಿ ಕಾಗದಪತ್ರಗಳು ಚೆಲ್ಲಾಪಿಲ್ಲಿಯಾದವು. ಅದೇ ವರ್ಷ ದರ್ವೀಶರು ‘ಮುತ್ತಿಗೆಯ ಸ್ಥಿತಿ’ ಎಂಬ ದೀರ್ಘ ಕವಿತೆಯನ್ನು ಪ್ರಕಟಿಸಿದರು. ಅದರಲ್ಲಿ ಅವರು ಮುತ್ತಿಗೆ ಹಾಕಿದ ಸೈನಿಕರನ್ನೂ ಮಾತನಾಡಿಸುತ್ತಾರೆ. ಆ ಮಾತಿನಲ್ಲಿ ಆಕ್ರೋಶದೊಡನೆ ವ್ಯಂಗ್ಯವೂ ಕರುಣೆಯೂ ಬೆರೆತಿವೆ.

ದರ್ವೀಶರ ಹೃದಯ ಬಹುಕಾಲದಿಂದ ದುರ್ಬಲವಾಗಿತ್ತು. 1984ರಲ್ಲಿ ಮತ್ತು 1998ರಲ್ಲಿ ಅವರು ಸಾವಿನ ಅಂಚನ್ನು ಮುಟ್ಟಿ ಬಂದರು. ಎರಡನೆಯ ಶಸ್ತ್ರಚಿಕಿತ್ಸೆಯ ಅನುಭವದಿಂದ ‘ಭಿತ್ತಿಚಿತ್ರ’ ಎಂಬ ನೀಳ್ಗವಿತೆ ಹುಟ್ಟಿತು. ಮೃತ್ಯುವಿನೊಡನೆ ಕವಿ ನಡೆಸುವ ಸಂವಾದ ಅದರ ವಸ್ತು. 2006ರಲ್ಲಿ ತಮ್ಮ ಬಾಳನ್ನೇ ಹಿಂದಿರುಗಿ ನೋಡುವ ಗದ್ಯಕೃತಿಯೊಂದನ್ನು ಬರೆದು, ಅದಕ್ಕೆ ‘ಗೈರುಹಾಜರಿಯ ಸಮ್ಮುಖದಲ್ಲಿ’ ಎಂದು ಹೆಸರಿಟ್ಟರು. ಬಾಲ್ಯದಲ್ಲಿ ಕಾನೂನು ತಮಗೆ ಅಂಟಿಸಿದ್ದ ಚೀಟಿಯನ್ನೇ ಕವಿ ಅರವತ್ತೈದನೆಯ ವಯಸ್ಸಿನಲ್ಲಿ ಗ್ರಂಥದ ಶಿರೋನಾಮೆಯಾಗಿ ಮಾರ್ಪಡಿಸಿಕೊಂಡರು. 2007ರ ಜುಲೈಯಲ್ಲಿ ಹೈಫಾದ ಕರ್ಮೆಲ್ ಬೆಟ್ಟದ ಮೇಲಿನ ಸಭಾಂಗಣದಲ್ಲಿ ಅವರು ಕವಿತೆ ಓದಿದಾಗ ಸಾವಿರಾರು ಜನ ಕಿಕ್ಕಿರಿದು ನೆರೆದಿದ್ದರು. ಒಂದು ಕಾಲದಲ್ಲಿ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಕಾಲಿಡದಂತೆ ಅವರನ್ನು ಕಟ್ಟಿಹಾಕಿದ್ದ ನಗರ ಅದು.

2008ರ ಆಗಸ್ಟ್ 9ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ, ದರ್ವೀಶರು ನಿಧನ ಹೊಂದಿದರು. ಅವರಿಗೆ ಆಗ 67 ವರ್ಷ. ಪ್ಯಾಲೆಸ್ತೀನಿನಲ್ಲಿ ಮೂರು ದಿನಗಳ ಶೋಕಾಚರಣೆ ನಡೆಯಿತು. ವೃದ್ಧ ತಾಯಿ ಮಗನ ಅಂತ್ಯಕ್ರಿಯೆಯನ್ನು ಕಾಣಬೇಕಾಯಿತು. ಅಲ್-ಬಿರ್ವಾದ ಮಣ್ಣಿನಲ್ಲಿ ಅವರಿಗೆ ಜಾಗ ದೊರೆಯಲಿಲ್ಲ. ರಮಲ್ಲಾದ ಸಂಸ್ಕೃತಿ ಭವನದ ಬಳಿಯ ದಿಬ್ಬದ ಮೇಲೆ ಅವರನ್ನು ಸಮಾಧಿ ಮಾಡಲಾಯಿತು. ಮುಂದೆ ಅಲ್ಲಿ ಒಂದು ವಸ್ತುಸಂಗ್ರಹಾಲಯವೂ ಉದ್ಯಾನವೂ ನಿರ್ಮಾಣವಾದವು. ಆ ಉದ್ಯಾನಕ್ಕೆ ಇಟ್ಟ ಹೆಸರು ‘ಅಲ್-ಬಿರ್ವಾ’.

ದರ್ವೀಶರಿಗೆ ಆಫ್ರಿಕಾ-ಏಷ್ಯಾ ಲೇಖಕರ ಸಂಘದ ಲೋಟಸ್ ಪ್ರಶಸ್ತಿ, ಸೋವಿಯತ್ ಒಕ್ಕೂಟದ ಲೆನಿನ್ ಶಾಂತಿ ಪ್ರಶಸ್ತಿ ಮೊದಲಾದ ಗೌರವಗಳು ದೊರೆತವು. ಅವರ ಕೃತಿಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿವೆ. ಅವರು ಬಯಸಿದ್ದ ನ್ಯಾಯ ಮತ್ತು ಶಾಂತಿ ಆ ನಾಡಿಗೆ ಅವರ ಜೀವಿತಕಾಲದಲ್ಲಿ ಬರಲಿಲ್ಲ. ಪ್ಯಾಲೆಸ್ತೀನಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಕವಿತೆ ಸೈನ್ಯವನ್ನು ತಡೆಯಲಾರದು, ಕೆಡವಿದ ಮನೆಯನ್ನು ಎತ್ತಿ ನಿಲ್ಲಿಸಲಾರದು. ಆದರೆ ಭೂಪಟದಿಂದ ಅಳಿಸಿಹೋದ ಒಂದು ಪುಟ್ಟ ಹಳ್ಳಿಯ ಹೆಸರನ್ನು ಲೋಕದ ಮೂಲೆಮೂಲೆಯ ಓದುಗರು ಇಂದಿಗೂ ಉಚ್ಚರಿಸುತ್ತಿದ್ದಾರೆ. ಜನಗಣತಿಯ ಪುಸ್ತಕದಲ್ಲಿ ಹೆಸರಿಲ್ಲದ ಬಾಲಕನೊಬ್ಬ ತನ್ನ ಜನರನ್ನು ಲೋಕದ ಸಾಹಿತ್ಯದಲ್ಲಿ ಶಾಶ್ವತವಾಗಿ ಹಾಜರುಪಡಿಸಿದನು.

ಅಭ್ಯಾಸ

ಅ) ಪದಗಳ ಅರ್ಥ:
ಗೈರುಹಾಜರಿ – ಇಲ್ಲದಿರುವಿಕೆ. ನಿರಾಶ್ರಿತ – ನೆಲೆ ಕಳೆದುಕೊಂಡವನು. ಪರವಾನಗಿ – ಅನುಮತಿ. ಗೃಹಬಂಧನ – ಮನೆಯಲ್ಲಿಯೇ ಸೆರೆಯಿರಿಸುವುದು. ವಿಪತ್ತು – ಕೇಡು, ಆಪತ್ತು. ಭಿತ್ತಿ – ಗೋಡೆ. ಶಿರೋನಾಮೆ – ತಲೆಬರಹ.

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಮಹಮೂದ್ ದರ್ವೀಶರು ಹುಟ್ಟಿದ ಊರು ಯಾವುದು?
2. ‘ನಕ್ಬಾ’ ಎಂದರೇನು?
3. ದರ್ವೀಶರು ತಮ್ಮ ಪತ್ರಿಕೆಗೆ ‘ಅಲ್-ಕರ್ಮೆಲ್’ ಎಂಬ ಹೆಸರನ್ನು ಏಕೆ ಇಟ್ಟರು?
4. ಯೋಸಿ ಸರೀದ್ ಅವರು ಏನನ್ನು ಸೂಚಿಸಿದರು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ‘ಹಾಜರಿದ್ದೂ ಗೈರುಹಾಜರಾದವರು’ ಎಂಬ ಹೆಸರು ಯಾರಿಗೆ, ಏಕೆ ಬಂದಿತು?
2. ‘ನನ್ನ ತಾಯಿಗೆ’ ಎಂಬ ಕವಿತೆ ಹುಟ್ಟಿದ ಬಗೆಯನ್ನು ತಿಳಿಸಿ.
3. ‘ಗುರುತಿನ ಚೀಟಿ’ಯನ್ನು ಸಭೆಗಳಲ್ಲಿ ಓದಲು ದರ್ವೀಶರು ಒಪ್ಪದಿರಲು ಕಾರಣವೇನು? ಅವರ ನಿಲುವು ಸರಿಯೆಂದು ತೋರುತ್ತದೆಯೇ? ಚರ್ಚಿಸಿ.

ಈ) ಸಂದರ್ಭದೊಡನೆ ವಿವರಿಸಿ:
1. “ಕವಿತೆಗೆ ಎಷ್ಟು ಶಕ್ತಿಯಿರಬೇಕು!”
2. “ನೆಲದ ಮೇಲೆ ಅಳಿಸಿಹೋದ ಊರನ್ನು ಅವರು ನುಡಿಯಲ್ಲಿ ಕಟ್ಟಿದರು.”

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ:
ವಾರ್ಷಿಕೋತ್ಸವ, ಸೂರ್ಯಾಸ್ತ, ಮನೆಯಲ್ಲಿ, ಊರೂರು.